ಗಂಧಕದ ಮದ್ದುಗಳು: ಮೈಯೊಳಗಿನ ಬೆಂಕಿಯನ್ನು ಆರಿಸಹೊರಟ ಚರಿತ್ರೆ

ಕತಾರಿನಲ್ಲಿರುವ ಕನ್ನಡಿಗರಿಗೆ ಗಂಧಕದ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. 1971ರಲ್ಲಿ ಪತ್ತೆಯಾದ ನಾರ್ತ್ ಫೀಲ್ಡ್‌ನ ಅನಿಲದ ಜೊತೆಯಲ್ಲೇ ಗಂಧಕವೂ ಭೂಗರ್ಭದಿಂದ ಮೇಲೆ ಬರುತ್ತದೆ. ರಾಸ್ ಲಫಾನ್‌ನಲ್ಲಿ ಅದನ್ನು ಬೇರ್ಪಡಿಸಿ, ಹಳದಿ ಹರಳು ಮಾಡಿ, ಹಡಗಿಗೆ ತುಂಬಿ ಹೊರದೇಶಗಳಿಗೆ ಕಳಿಸುತ್ತಾರೆ. ಅಡುಗೆಮನೆಯಲ್ಲೂ ಗಂಧಕ ಅಪರಿಚಿತವಲ್ಲ. ಸಿಲಿಂಡರಿನ ಅನಿಲಕ್ಕೆ ತನ್ನದೇ ಆದ ವಾಸನೆಯಿಲ್ಲ. ಸೋರಿದರೆ ಮೂಗಿಗೆ ತಿಳಿಯಲೆಂದು ಅದಕ್ಕೆ ಮರ್ಕ್ಯಾಪ್ಟನ್ ಎಂಬ ಗಂಧಕದ ಸಂಯುಕ್ತವನ್ನು ತುಸುವೇ ಬೆರೆಸುತ್ತಾರೆ. ಇಂಗಿನ ಒಗ್ಗರಣೆಯ ಘಾಟು, ಬೆಳ್ಳುಳ್ಳಿಯ ವಾಸನೆ, ಈರುಳ್ಳಿ ಹೆಚ್ಚುವಾಗ ಬರುವ ಕಣ್ಣೀರು, ಎಲ್ಲವೂ ಗಂಧಕದ ಸಂಯುಕ್ತಗಳ ಕೆಲಸವೇ.

ಈ ಮರ್ಕ್ಯಾಪ್ಟನ್‌ಗಳಿಗೆ ರಸಾಯನಶಾಸ್ತ್ರದಲ್ಲಿ ಥಯಾಲ್ ಎಂಬ ಇನ್ನೊಂದು ಹೆಸರಿದೆ. ಒಂದು ಗಂಧಕದ ಪರಮಾಣು, ಅದಕ್ಕೆ ಅಂಟಿಕೊಂಡ ಒಂದು ಜಲಜನಕದ ಪರಮಾಣು, ಈ ಜೋಡಿ ಯಾವ ಅಣುವಿನಲ್ಲಿದೆಯೋ ಅದು ಥಯಾಲ್. ನಮ್ಮ ದೇಹದ ಪ್ರತಿಯೊಂದು ಜೀವಕೋಶದಲ್ಲೂ ಗ್ಲುಟಥಯಾನ್ ಎಂಬ ಥಯಾಲ್ ಇದೆ. ಔಷಧಿಯ ಅಂಗಡಿಯಲ್ಲಿ ಸಿಗುವ, ನೀರಿಗೆ ಹಾಕಿದರೆ ಬುಸ್ಸೆಂದು ನೊರೆಯೇಳುವ, ಕೊಳೆತ ಮೊಟ್ಟೆಯ ವಾಸನೆಯ ಕಫದ ಮಾತ್ರೆಯಲ್ಲಿರುವ ಅಸಿಟೈಲ್‌ಸಿಸ್ಟೀನ್ ಕೂಡ ಥಯಾಲ್. ಕಳೆದ ಎಂಬತ್ತು ವರ್ಷಗಳಲ್ಲಿ ಈ ಜಾತಿಯ ಮದ್ದುಗಳು ಕೆಲವು ಕಡೆ ಸಾಯುವವರನ್ನು ಉಳಿಸಿದವು. ಇನ್ನು ಕೆಲವು ಕಡೆ ದೊಡ್ಡ ಆಸೆ ಹುಟ್ಟಿಸಿ ಕೈಕೊಟ್ಟವು. ಎಲ್ಲಿ ಗೆದ್ದವು, ಎಲ್ಲಿ ಸೋತವು, ಏಕೆ ಎಂಬುದನ್ನು ತಿಳಿಯುವುದು ವೈದ್ಯರಿಗೆ ಮಾತ್ರ ಬೇಕಾದ ವಿಷಯವಲ್ಲ. ಇಂದು ಆಂಟಿಆಕ್ಸಿಡೆಂಟ್ ಎಂಬ ಒಂದೇ ಪದದ ಬಲದಿಂದ ಬಹಳಷ್ಟು ಡಬ್ಬಿಗಳು ನಮ್ಮ ಮನೆಯೊಳಗೆ ಬರುತ್ತಿವೆ.

ಪಾದರಸವನ್ನು ಹಿಡಿಯುವ ಕೈ

ಮರ್ಕ್ಯಾಪ್ಟನ್ ಎಂಬ ಹೆಸರು ಕೊಟ್ಟವನು ಡೆನ್ಮಾರ್ಕಿನ ರಸಾಯನಶಾಸ್ತ್ರಜ್ಞ ವಿಲಿಯಂ ಕ್ರಿಸ್ಟೋಫರ್ ಝೈಸೆ. ಅದು 1830ರ ದಶಕದ ಮಾತು. ಲ್ಯಾಟಿನ್ ಭಾಷೆಯಲ್ಲಿ ಅದರ ಅರ್ಥ ‘ಪಾದರಸವನ್ನು ಹಿಡಿಯುವುದು’ ಎಂದು. ಗಂಧಕಕ್ಕೂ ಪಾದರಸಕ್ಕೂ ಇರುವ ನಂಟು ನಮ್ಮವರಿಗೆ ಅದಕ್ಕಿಂತ ಬಹು ಹಿಂದೆಯೇ ಗೊತ್ತಿತ್ತು. ರಸಶಾಸ್ತ್ರದ ಪಂಡಿತರು ಪಾರದವನ್ನೂ ಗಂಧಕವನ್ನೂ ಕಲ್ಬತ್ತಿನಲ್ಲಿ ಅರೆದು ಕಪ್ಪಾದ ಕಜ್ಜಲಿ ಮಾಡುತ್ತಿದ್ದರು. ಗಂಧಕವು ಭಾರಲೋಹವನ್ನು ಕಂಡರೆ ಬಿಡುವುದಿಲ್ಲ ಎಂಬುದೇ ಎರಡರ ಹಿಂದಿನ ತತ್ತ್ವ.

ಈ ಗುಣ ಮೊದಲು ಮದ್ದಾಗಿ ಬಂದದ್ದು ಯುದ್ಧದ ಭಯದಿಂದ. ಲ್ಯೂಯಿಸೈಟ್ ಎಂಬ ಆರ್ಸೆನಿಕ್ ಬೆರೆತ ವಿಷವನ್ನು ಎರಡನೆಯ ಮಹಾಯುದ್ಧದಲ್ಲಿ ಶತ್ರುಗಳು ಬಳಸಿಯಾರೆಂಬ ಅಂಜಿಕೆ ಇಂಗ್ಲೆಂಡಿಗೆ ಇತ್ತು. ಆರ್ಸೆನಿಕ್ ನಮ್ಮ ಕಿಣ್ವಗಳಲ್ಲಿರುವ ಥಯಾಲ್‌ಗಳನ್ನೇ ಹಿಡಿದು ಕೊಲ್ಲುತ್ತದೆ. ಹಾಗಾದರೆ ಅದಕ್ಕೆ ಹಿಡಿಯಲು ಬೇರೊಂದು ಥಯಾಲ್ ಕೊಟ್ಟರೆ ಹೇಗೆ? ಆಕ್ಸ್‌ಫರ್ಡ್‌ನಲ್ಲಿ ರುಡಾಲ್ಫ್ ಪೀಟರ್ಸ್ ಮತ್ತು ಸಂಗಡಿಗರು ಹೀಗೆ ಯೋಚಿಸಿ ಡೈಮರ್ಕ್ಯಾಪ್ರಾಲ್ ತಯಾರಿಸಿದರು. ಯುದ್ಧ ಮುಗಿಯುವ ತನಕ ಗುಟ್ಟಾಗಿದ್ದ ಈ ವಿಷಯ 1945ರಲ್ಲಿ ಪ್ರಕಟವಾಯಿತು.

ಲ್ಯೂಯಿಸೈಟ್‌ಗೆ ಮಾಡಿದ ಮದ್ದು ಶಾಂತಿಕಾಲದಲ್ಲಿ ಬೇರೆ ರೋಗಕ್ಕೆ ಒದಗಿತು. 1912ರಲ್ಲಿ ಲಂಡನ್ನಿನ ಕಿನ್ನಿಯರ್ ವಿಲ್ಸನ್ ವರ್ಣಿಸಿದ ವಂಶಪಾರಂಪರ್ಯ ರೋಗದಲ್ಲಿ ತಾಮ್ರವು ಯಕೃತ್ತಿನಲ್ಲೂ ಮೆದುಳಿನಲ್ಲೂ ಶೇಖರವಾಗುತ್ತದೆ. ಚೆನ್ನಾಗಿ ಓದುತ್ತಿದ್ದ ಹುಡುಗ ಇದ್ದಕ್ಕಿದ್ದಂತೆ ತೊದಲುತ್ತಾನೆ, ಕೈ ನಡುಗುತ್ತದೆ, ಅಕ್ಷರ ಕೆಡುತ್ತದೆ. ಕೆಲವರಿಗೆ ಕಾಮಾಲೆ ಬರುತ್ತದೆ. 1950ರ ದಶಕದ ಆರಂಭದಲ್ಲಿ ಇಂಥವರಿಗೆ ಡೈಮರ್ಕ್ಯಾಪ್ರಾಲ್ ಇಂಜೆಕ್ಷನ್ ಕೊಡಲು ಶುರುಮಾಡಿದರು. ಉಪಯೋಗವಾಯಿತು, ಆದರೆ ಸೂಜಿಯ ನೋವು ಸಹಿಸಲಾರದಷ್ಟಿತ್ತು.

ಆಗ ಬಂದದ್ದು ಜಾನ್ ವಾಲ್ಷ್ ಅವರ ಪೆನಿಸಿಲಮೈನ್. ಪೆನಿಸಿಲಿನ್ ತೆಗೆದುಕೊಳ್ಳುತ್ತಿದ್ದ ಯಕೃತ್ ರೋಗಿಯ ಮೂತ್ರದಲ್ಲಿ ಅವರು ಈ ವಸ್ತುವನ್ನು ಮೊದಲು ಕಂಡಿದ್ದರು. ಅದರ ರಚನೆ ನೋಡಿದಾಗ ಇದು ತಾಮ್ರವನ್ನು ಹಿಡಿದೀತು ಎಂದು ಅವರಿಗೆ ಹೊಳೆಯಿತು. ಮೊದಲು ತಾವೇ ನುಂಗಿ ನೋಡಿ ಆಮೇಲೆ ರೋಗಿಗೆ ಕೊಟ್ಟರು. 1956ರಲ್ಲಿ ವರದಿ ಪ್ರಕಟವಾಯಿತು. ಅಲ್ಲಿಯವರೆಗೆ ಸಾವೇ ಗತಿ ಎಂದಿದ್ದ ರೋಗಕ್ಕೆ ಬಾಯಿಯಿಂದ ತೆಗೆದುಕೊಳ್ಳುವ ಮದ್ದು ಸಿಕ್ಕಿತು.

ಈ ಕಥೆಯ ಒಂದು ಅಧ್ಯಾಯ ಬೆಂಗಳೂರಿನದು. ನಿಮ್ಹಾನ್ಸ್‌ನ ವೈದ್ಯರು ಮೂರು ದಶಕಗಳಲ್ಲಿ ತಾವು ಕಂಡ 282 ಮಂದಿ ವಿಲ್ಸನ್ ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದರು. ಒಂದು ಅಪರೂಪದ ರೋಗದ ಬಗ್ಗೆ ಒಂದೇ ಸಂಸ್ಥೆಯಿಂದ ಇಷ್ಟು ದೊಡ್ಡ ದಾಖಲೆ ಬರುವುದು ಎಲ್ಲೇ ಆದರೂ ದೊಡ್ಡ ಮಾತು. ಈ ರೋಗಕ್ಕೆ ಜೀವನಪರ್ಯಂತ ಮದ್ದು ಬೇಕು, ಪೆನಿಸಿಲಮೈನ್ ಅಗ್ಗದ ಮಾತ್ರೆಯಲ್ಲ. ಬಡ ಕುಟುಂಬಗಳು ಹಣವಿಲ್ಲದೆ ಮದ್ದು ನಿಲ್ಲಿಸಿದರೆ ಮಗು ಮತ್ತೆ ಹಾಸಿಗೆ ಹಿಡಿಯುತ್ತದೆ. ಅದೇ ಸಂಸ್ಥೆಯ ಸಂಜೀಬ್ ಸಿನ್ಹಾ ಮತ್ತು ಎ.ಬಿ. ತಾಳಿ 2008ರಲ್ಲಿ ಇನ್ನೊಂದು ವರದಿ ಕೊಟ್ಟರು. ಪೆನಿಸಿಲಮೈನ್ ಮತ್ತು ಸತುವಿನ ಸಲ್ಫೇಟ್ ಎರಡನ್ನೂ ತೆಗೆದುಕೊಂಡು ಸ್ಥಿರವಾದ ರೋಗಿಗಳಲ್ಲಿ ಪೆನಿಸಿಲಮೈನ್ ಬಿಡಿಸಿ, ಅಗ್ಗದ ಸತು ಒಂದನ್ನೇ ಮುಂದುವರಿಸಿದರೂ ಬಹುಪಾಲು ಮಂದಿ ಚೆನ್ನಾಗಿಯೇ ಇದ್ದರು ಎಂಬುದು ಅದರ ಸಾರಾಂಶ. ಮದ್ದನ್ನು ಯಾವಾಗ ಕೊಡಬೇಕು ಎಂಬಷ್ಟೇ, ಯಾವಾಗ ವೈದ್ಯರ ಕಣ್ಣೆದುರಿನಲ್ಲಿ ಬಿಡಿಸಬಹುದು ಎಂಬುದೂ ಚಿಕಿತ್ಸೆಯ ಭಾಗವೇ.

ಇಲ್ಲಿಯವರೆಗೆ ಥಯಾಲ್ ಮದ್ದು ಹಿಡಿಯಬೇಕಾದ ಶತ್ರು ಲೋಹ. ಅದರ ಹೆಸರು ಗೊತ್ತು, ಇರುವ ಜಾಗ ಗೊತ್ತು. ಮುಂದೆ ಇದೇ ಮದ್ದನ್ನು ಬೇರೊಂದು ಶತ್ರುವಿನ ಮೇಲೆ ಬಿಟ್ಟರು. ಅದನ್ನು ತಿಳಿಯಲು ಬಿಳಿ ರಕ್ತಕಣದ ಕಥೆಗೆ ಹೋಗಬೇಕು.

ಬಿಳಿ ರಕ್ತಕಣದ ಬ್ಲೀಚಿಂಗ್ ಪೌಡರ್

1882ರಲ್ಲಿ ಸಿಸಿಲಿಯ ಮೆಸ್ಸಿನಾದಲ್ಲಿ ರಷ್ಯಾದ ಎಲಿ ಮೆಚ್ನಿಕಾಫ್ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಮುಳ್ಳು ಚುಚ್ಚಿ ನೋಡಿದನು. ಅಲೆದಾಡುವ ಜೀವಕೋಶಗಳು ಮುಳ್ಳಿನ ಸುತ್ತ ಮುತ್ತಿಕೊಂಡಿದ್ದವು. ಹೊರಗಿನಿಂದ ಬಂದದ್ದನ್ನು ನುಂಗಿ ದೇಹವನ್ನು ಕಾಯುವ ಕಣಗಳಿವೆ ಎಂಬ ಸಿದ್ಧಾಂತಕ್ಕೆ ಅವನಿಗೆ 1908ರಲ್ಲಿ ನೊಬೆಲ್ ಬಹುಮಾನ ಬಂತು. ಆದರೆ ನುಂಗಿದ ಮೇಲೆ ಕೊಲ್ಲುವುದು ಹೇಗೆ?

ಉತ್ತರ ಬರಲು ಮುಕ್ಕಾಲು ಶತಮಾನ ಹಿಡಿಯಿತು. 1933ರಲ್ಲಿ ಬಾಲ್ಡ್ರಿಜ್ ಮತ್ತು ಜೆರಾರ್ಡ್ ಎಂಬವರು, ಬ್ಯಾಕ್ಟೀರಿಯಾ ನುಂಗುವ ಬಿಳಿ ಕಣ ಹೆಚ್ಚು ಆಮ್ಲಜನಕ ಎಳೆದುಕೊಳ್ಳುತ್ತದೆ ಎಂದು ಕಂಡರು. ಕೆಲಸ ಹೆಚ್ಚಾದಾಗ ಏದುಸಿರು ಬರುವಂತೆ ಇದು ಎಂದು ಬಹಳ ದಿನ ಭಾವಿಸಲಾಗಿತ್ತು. 1961ರಲ್ಲಿ ಐಯರ್, ಇಸ್ಲಾಂ ಮತ್ತು ಕ್ವಾಸ್ಟೆಲ್ ಎಂಬ ಮೂವರು ಆ ಆಮ್ಲಜನಕ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ ಎಂದು ತೋರಿಸಿದರು. ಗಾಯ ತೊಳೆಯಲು ಬಳಸುವ ಪೆರಾಕ್ಸೈಡೇ ಅದು. 1960ರ ದಶಕದ ಕೊನೆಯಲ್ಲಿ ಸಿಯಾಟಲ್‌ನ ಸೆಮೂರ್ ಕ್ಲೆಬನಾಫ್, ಬಿಳಿ ಕಣದ ಮಯಲೋಪೆರಾಕ್ಸಿಡೇಸ್ ಎಂಬ ಕಿಣ್ವ ಪೆರಾಕ್ಸೈಡನ್ನೂ ಕ್ಲೋರೈಡಿನಂಥ ಲವಣಗಳನ್ನೂ ಸೇರಿಸಿಕೊಂಡು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ ಎಂದು ತೋರಿಸಿದರು. 1973ರಲ್ಲಿ ಬರ್ನಾರ್ಡ್ ಬಾಬಿಯರ್ ಇದರ ಮೊದಲ ಮೆಟ್ಟಿಲಾದ ಸೂಪರಾಕ್ಸೈಡನ್ನು ಗುರುತಿಸಿದರು. 1976ರಲ್ಲಿ ಕೊನೆಯ ಮೆಟ್ಟಿಲೂ ಖಚಿತವಾಯಿತು: ಆ ಕಿಣ್ವ ನಮ್ಮ ಉಪ್ಪಿನ ಕ್ಲೋರೈಡಿನಿಂದ ತಯಾರಿಸುವುದು ಹೈಪೋಕ್ಲೋರಸ್ ಆಮ್ಲ.

ಇದೇನೆಂದು ಕೇಳಿದರೆ, ಊರಿನಲ್ಲಿ ಕಾಲರಾ ಬಂದಾಗ ಆರೋಗ್ಯ ಇಲಾಖೆಯವರು ಬಾವಿಗೆ ಸುರಿಯುತ್ತಿದ್ದ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಕರಗಿ ಏನಾಗುತ್ತದೆಯೋ ಅದೇ. ನಮ್ಮ ನ್ಯೂಟ್ರೋಫಿಲ್ ಎಂಬ ಬಿಳಿ ಕಣ ತನ್ನೊಳಗೇ ಬ್ಲೀಚ್ ತಯಾರಿಸುತ್ತದೆ! ಹತ್ತು ಲಕ್ಷ ನ್ಯೂಟ್ರೋಫಿಲ್‌ಗಳು ಎರಡು ಗಂಟೆಯಲ್ಲಿ ತಯಾರಿಸುವಷ್ಟು ಬ್ಲೀಚ್, 15 ಕೋಟಿ ಇ. ಕೋಲೈ ಬ್ಯಾಕ್ಟೀರಿಯಾಗಳನ್ನು ಕಣ್ಣುಮಿಟುಕಿಸುವುದರೊಳಗೆ ಕೊಲ್ಲಬಲ್ಲದೆಂದು 1989ರಲ್ಲಿ ಸ್ಟೀಫನ್ ವೈಸ್ ಲೆಕ್ಕ ಕೊಟ್ಟರು. ಆ ಕಿಣ್ವದ ಬಣ್ಣ ಹಸಿರು. ಕೆಮ್ಮಿದಾಗ ಬರುವ ಗಟ್ಟಿ ಕಫ ಹಸಿರಾಗಿ ಕಾಣುವುದು ಮುಖ್ಯವಾಗಿ ಅದರಿಂದಲೇ. ಯುದ್ಧಭೂಮಿಯಲ್ಲಿ ಬಿದ್ದ ಸೈನಿಕರ ಸಮವಸ್ತ್ರದ ಬಣ್ಣ ಎನ್ನಿ.

ಇಂಥ ಆಮ್ಲಜನಕದ ಅಸ್ತ್ರಗಳನ್ನೆಲ್ಲ ಒಟ್ಟಾಗಿ ಉತ್ಕರ್ಷಕಗಳು, ಆಕ್ಸಿಡೆಂಟ್‌ಗಳು ಎನ್ನುತ್ತೇವೆ. ಕಷ್ಟವೆಂದರೆ ಬ್ಲೀಚ್‌ಗೆ ಬ್ಯಾಕ್ಟೀರಿಯಾ ಯಾವುದು, ನಮ್ಮ ಅಂಗಾಂಶ ಯಾವುದು ಎಂಬ ಭೇದ ತಿಳಿಯದು. ಸೋಂಕಿಲ್ಲದ ಕಡೆಯೂ ಬಿಳಿ ಕಣಗಳು ಕೆರಳಿದರೆ, ಸಂಧಿವಾತದ ಕೀಲಿನಲ್ಲಿ, ಧೂಮಪಾನಿಯ ಶ್ವಾಸಕೋಶದಲ್ಲಿ, ಅದೇ ಅಸ್ತ್ರ ಮನೆಯವರ ಮೇಲೇ ಬೀಳುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬ ಗಾದೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

ಎರಡು ಕಥೆಗಳು ಸೇರಿದ್ದು

ನಾವು ಎಂಬಿಬಿಎಸ್ ಓದುವಾಗ ಪೆನಿಸಿಲಮೈನ್ ಹೆಸರು ಎರಡು ಅಧ್ಯಾಯಗಳಲ್ಲಿ ಬರುತ್ತಿತ್ತು: ವಿಲ್ಸನ್ ರೋಗದಲ್ಲಿ ಒಮ್ಮೆ, ರುಮಟಾಯ್ಡ್ ಸಂಧಿವಾತದಲ್ಲಿ ಇನ್ನೊಮ್ಮೆ. ಮೊದಲನೆಯದಕ್ಕೆ ಕಾರಣ ಸ್ಪಷ್ಟ. ಎರಡನೆಯದಕ್ಕೆ? 1960ರ ದಶಕದಲ್ಲಿ ನ್ಯೂಯಾರ್ಕಿನ ಇಸ್ರೇಲಿ ಜಾಫಿ ಅದನ್ನು ಪ್ರಯೋಗಿಸಿದ್ದು, ರೋಗಿಯ ರಕ್ತದಲ್ಲಿರುವ ರುಮಟಾಯ್ಡ್ ಫ್ಯಾಕ್ಟರ್ ಎಂಬ ದೊಡ್ಡ ಅಣುವಿನ ಗಂಧಕದ ಕೊಂಡಿಗಳನ್ನು ಅದು ಕತ್ತರಿಸೀತು ಎಂಬ ಊಹೆಯಿಂದ. 1973ರಲ್ಲಿ ಇಂಗ್ಲೆಂಡಿನ ಹಲವು ಆಸ್ಪತ್ರೆಗಳು ಸೇರಿ ನಡೆಸಿದ ಪರೀಕ್ಷೆಯಲ್ಲಿ ಉಪಯೋಗ ಕಂಡುಬಂತು. ಆದರೆ ಉಪಯೋಗವಾಗುವುದಕ್ಕೆ ಆ ಊಹೆಯೇ ಕಾರಣ ಎಂದು ಯಾರೂ ಸಾಧಿಸಲಿಲ್ಲ.

1985ರಲ್ಲಿ ಹಾಲೆಂಡಿನ ಕ್ಯೂಪೆರಸ್, ಮ್ಯೂಯ್ಸರ್ಸ್ ಮತ್ತು ವೇವರ್ ಹೊಸ ಕಾರಣ ಮುಂದಿಟ್ಟರು. ಪೆನಿಸಿಲಮೈನ್, ಟಯೋಪ್ರೋನಿನ್ ಮುಂತಾದ ಥಯಾಲ್ ಇರುವ ಸಂಧಿವಾತದ ಮದ್ದುಗಳು ಬಿಳಿ ಕಣದ ಬ್ಲೀಚನ್ನು ಹೀರಿಕೊಳ್ಳುತ್ತವೆ. ಜೊತೆಗೆ ಅದನ್ನು ತಯಾರಿಸುವ ಕಿಣ್ವಕ್ಕೂ ಅಡ್ಡಿಪಡಿಸುತ್ತವೆ. ಪ್ರನಾಳದಲ್ಲಿ ಇದು ನಿಸ್ಸಂದೇಹವಾಗಿ ಕಂಡಿತು. 1989ರಲ್ಲಿ ಲಂಡನ್ನಿನ ಅರುಯೋಮಾ, ಹ್ಯಾಲಿವೆಲ್ ಮತ್ತು ಸಂಗಡಿಗರು ಅಸಿಟೈಲ್‌ಸಿಸ್ಟೀನನ್ನು ಒರೆಗೆ ಹಚ್ಚಿದರು. ಹೈಪೋಕ್ಲೋರಸ್ ಆಮ್ಲವನ್ನು ಅದು ಚುರುಕಾಗಿ ಹಿಡಿಯುತ್ತದೆ, ಪೆರಾಕ್ಸೈಡನ್ನು ಬಹಳ ನಿಧಾನವಾಗಿ, ಸೂಪರಾಕ್ಸೈಡನ್ನು ಹಿಡಿಯುವುದೇ ಇಲ್ಲ ಎನ್ನಬಹುದು. ಎಂದರೆ ಆಂಟಿಆಕ್ಸಿಡೆಂಟ್ ಎಂಬುದು ಎಲ್ಲ ಬೀಗಕ್ಕೂ ಒಂದೇ ಬೀಗದ ಕೈ ಅಲ್ಲ. ಈ ಎಚ್ಚರಿಕೆ ಆ ಲೇಖನದಲ್ಲೇ ಇತ್ತು. ಜನ ಓದಿಕೊಂಡದ್ದು ಮಾತ್ರ ಅದರ ಶೀರ್ಷಿಕೆಯನ್ನು.

ಹೃದಯರೋಗದ ಕಡೆಯೂ ಇದೇ ಆಸೆ ಹುಟ್ಟಿತು. ಬ್ರೆಜಿಲ್‌ನ ಜರರಾಕಾ ಎಂಬ ಹಾವಿನ ವಿಷದ ಅಧ್ಯಯನದಿಂದ ಬಂದ ಕ್ಯಾಪ್ಟೋಪ್ರಿಲ್, 1977ರಲ್ಲಿ ಪ್ರಕಟವಾಗಿ 1981ರಲ್ಲಿ ಅಮೆರಿಕಾದಲ್ಲಿ ಮಾನ್ಯತೆ ಪಡೆದ ರಕ್ತದೊತ್ತಡದ ಮದ್ದು. ಅದರಲ್ಲೂ ಥಯಾಲ್ ಇದೆ. ಕಿಣ್ವದ ಸತುವನ್ನು ಹಿಡಿಯಲೆಂದೇ ಅದನ್ನಿಟ್ಟದ್ದು. ಇದು ಬಿಳಿ ಕಣದ ಉತ್ಕರ್ಷಕಗಳನ್ನೂ ಹೀರುತ್ತದೆ, ಆದ್ದರಿಂದ ಹೃದಯಕ್ಕೆ ಇಮ್ಮಡಿ ರಕ್ಷಣೆ ಎಂಬ ವಾದ ಆಗ ಜೋರಾಗಿ ಕೇಳಿಬಂತು. ಆದರೆ ಥಯಾಲ್ ಇಲ್ಲದ ಎನಾಲಪ್ರಿಲ್ ಆಗಲೇ ತನ್ನ ಪರೀಕ್ಷೆ ಮುಗಿಸಿತ್ತು. 1987ರ ಕಾನ್ಸೆನ್ಸಸ್ ಎಂಬ ಅಧ್ಯಯನದಲ್ಲಿ ತೀವ್ರ ಹೃದಯ ವೈಫಲ್ಯದ 253 ರೋಗಿಗಳಿದ್ದರು. ಆರು ತಿಂಗಳಲ್ಲಿ ಮದ್ದಿಲ್ಲದವರಲ್ಲಿ ಶೇಕಡಾ 44 ಮಂದಿ ತೀರಿಕೊಂಡರೆ, ಎನಾಲಪ್ರಿಲ್ ಪಡೆದವರಲ್ಲಿ ಶೇಕಡಾ 26. ಗಂಧಕವಿಲ್ಲದೆಯೇ ಈ ಫಲ ಬಂದ ಮೇಲೆ, ಕ್ಯಾಪ್ಟೋಪ್ರಿಲ್‌ನ ಗುಣವೆಲ್ಲ ಗಂಧಕದಿಂದ ಎನ್ನುವ ಹಾಗಿರಲಿಲ್ಲ. ನಾಲಿಗೆಯ ರುಚಿ ಕೆಡುವುದು, ಮೈಮೇಲೆ ದದ್ದು ಏಳುವುದು ಮಾತ್ರ ಗಂಧಕದ ಲೆಕ್ಕಕ್ಕೆ ಬಂದವು.

ಪ್ಯಾರಾಸಿಟಮಾಲ್‌ನಲ್ಲಿ ಗೆದ್ದ ಬಗೆ

ಥಯಾಲ್ ಮದ್ದಿನ ಅತಿ ದೊಡ್ಡ ಗೆಲುವು ಬೇರೆ ಕಡೆಯಿಂದ ಬಂತು. ಕೊಲ್ಲಿಯಲ್ಲಿ ನಾವೆಲ್ಲ ಪನಡಾಲ್ ಎಂದು ಕರೆಯುವ ಪ್ಯಾರಾಸಿಟಮಾಲ್ ಹದವಾಗಿ ತೆಗೆದುಕೊಂಡರೆ ಸಾಧು ಮದ್ದು. ಅದರಲ್ಲಿ ಒಂದು ಸಣ್ಣ ಪಾಲು ಯಕೃತ್ತಿನಲ್ಲಿ ವಿಷವಾಗಿ ಮಾರ್ಪಡುತ್ತದೆ, ಅಲ್ಲಿಯ ಗ್ಲುಟಥಯಾನ್ ಅದನ್ನು ಹಿಡಿದು ಹೊರಗೆ ಹಾಕುತ್ತದೆ. ಮಾತ್ರೆ ಅತಿಯಾದಾಗ ಗ್ಲುಟಥಯಾನ್‌ನ ಕಣಜ ಬರಿದಾಗುತ್ತದೆ, ಆಮೇಲೆ ವಿಷ ಯಕೃತ್ತನ್ನೇ ತಿನ್ನುತ್ತದೆ. 1973ರಲ್ಲಿ ಅಮೆರಿಕಾದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಮಿಚೆಲ್ ಮತ್ತು ಸಂಗಡಿಗರು ಇದನ್ನು ಬಿಡಿಸಿ ಹೇಳಿದರು.

ಎಡಿನ್‌ಬರೋದ ಲಾರಿ ಪ್ರೆಸ್ಕಾಟ್ ಮೊದಲು ಸಿಸ್ಟಿಯಮೈನ್ ಎಂಬ ಥಯಾಲ್ ಕೊಟ್ಟು ನೋಡಿದರು. ಯಕೃತ್ತು ಉಳಿದರೂ ರೋಗಿಗಳು ವಾಂತಿಯಿಂದ ನರಳಿದರು. ಕಫ ಕರಗಿಸಲು 1960ರ ದಶಕದಿಂದ ಬಳಕೆಯಲ್ಲಿದ್ದ ಅಸಿಟೈಲ್‌ಸಿಸ್ಟೀನ್ ಅವರ ಕಣ್ಣಿಗೆ ಬಿದ್ದದ್ದು ಆಗ. 1979ರಲ್ಲಿ ಅವರು ನೂರು ಜನರ ಫಲಿತಾಂಶ ಪ್ರಕಟಿಸಿದರು. ಮಾತ್ರೆ ನುಂಗಿದ 10 ಗಂಟೆಯೊಳಗೆ ಮದ್ದು ಪಡೆದ 62 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಕೃತ್ತಿಗೆ ತೀವ್ರ ಹಾನಿಯಾಯಿತು. 10ರಿಂದ 24 ಗಂಟೆಯ ನಡುವೆ ಪಡೆದ 38 ಮಂದಿಯಲ್ಲಿ 20 ಜನರಿಗೆ ಹಾನಿಯಾಯಿತು. ಎಂಟು ಗಂಟೆಯೊಳಗೆ ಬಂದವರಿಗೆ ಹೆಚ್ಚುಕಡಿಮೆ ಪೂರ್ಣ ರಕ್ಷಣೆ ಸಿಕ್ಕಿತು. ವೈದ್ಯಶಾಸ್ತ್ರದಲ್ಲಿ ಇಷ್ಟು ನಿಚ್ಚಳವಾದ ಅಂಕಿಗಳು ಅಪರೂಪ.

ಇಲ್ಲಿ ಅಸಿಟೈಲ್‌ಸಿಸ್ಟೀನ್ ಮಾಡುವ ಮುಖ್ಯ ಕೆಲಸ ಉತ್ಕರ್ಷಕಗಳನ್ನು ಗುಡಿಸುವುದಲ್ಲ. ಗ್ಲುಟಥಯಾನ್ ಕಟ್ಟಲು ಬೇಕಾದ ಸಿಸ್ಟೀನನ್ನು ಸರಿಯಾದ ಹೊತ್ತಿಗೆ, ಸಾಕಷ್ಟು ಪ್ರಮಾಣದಲ್ಲಿ, ಯಕೃತ್ತಿಗೆ ಒದಗಿಸುವುದು. ಶತ್ರುವಿನ ಹೆಸರು ಗೊತ್ತು, ಜಾಗ ಗೊತ್ತು, ಗಡುವೂ ಗೊತ್ತು. ಮೂರೂ ಕೂಡಿಬಂದಲ್ಲಿ ಥಯಾಲ್ ಗೆದ್ದಿತು.

ಇಷ್ಟು ಖಚಿತವಲ್ಲದ ಬಳಕೆಯೂ ನಮ್ಮ ದಕ್ಷಿಣ ಭಾರತದಲ್ಲಿದೆ. ಹಳದಿ ರಂಜಕವಿರುವ ಇಲಿ ಪಾಷಾಣ ತಿಂದವರ ಯಕೃತ್ತು ಕುಸಿಯುವಾಗ, ಅದಕ್ಕೆಂದೇ ಬೇರೆ ಪ್ರತಿವಿಷ ಇಲ್ಲದ್ದರಿಂದ ವೈದ್ಯರು ಅಸಿಟೈಲ್‌ಸಿಸ್ಟೀನ್ ಕೊಡುತ್ತಾರೆ. ಪ್ಯಾರಾಸಿಟಮಾಲ್‌ನಲ್ಲಿ ಇರುವ ಭರವಸೆಯನ್ನು ಅಲ್ಲಿ ಯಾರೂ ಕೊಡಲಾರರು.

ಆಸೆಯನ್ನು ಒರೆಗೆ ಹಚ್ಚಿದಾಗ

ಈಗ ಸೋಲಿನ ಪಟ್ಟಿ. ಧೂಮಪಾನದಿಂದ ಕೆಟ್ಟ ಶ್ವಾಸಕೋಶದಲ್ಲಿ ನ್ಯೂಟ್ರೋಫಿಲ್‌ಗಳ ಹಾವಳಿ ಹೆಚ್ಚು. ಹಾಗಾಗಿ ಅಲ್ಲಿ ಅಸಿಟೈಲ್‌ಸಿಸ್ಟೀನ್ ಕೆಲಸ ಮಾಡಲೇಬೇಕು ಎಂದುಕೊಂಡಿದ್ದರು. 2005ರಲ್ಲಿ ಪ್ರಕಟವಾದ ಬ್ರಾಂಕಸ್ ಅಧ್ಯಯನದಲ್ಲಿ 523 ರೋಗಿಗಳು ಮೂರು ವರ್ಷ ಪ್ರತಿದಿನ 600 ಮಿಲಿಗ್ರಾಂ ತೆಗೆದುಕೊಂಡರು, ಇಲ್ಲವೆ ಹುಸಿ ಮಾತ್ರೆ ತೆಗೆದುಕೊಂಡರು. ಶ್ವಾಸಕೋಶದ ಶಕ್ತಿ ಕುಂದುವ ವೇಗದಲ್ಲಿ ವ್ಯತ್ಯಾಸ ಕಾಣಲಿಲ್ಲ. 2014ರಲ್ಲಿ ಚೀನಾದಿಂದ ಬಂದ ಪ್ಯಾಂಥಿಯನ್ ಅಧ್ಯಯನದಲ್ಲಿ ದಿನಕ್ಕೆ 1200 ಮಿಲಿಗ್ರಾಂ ಕೊಟ್ಟಾಗ ರೋಗ ಉಲ್ಬಣಿಸುವ ಸಂದರ್ಭಗಳು ಸ್ವಲ್ಪ ಕಡಿಮೆಯಾದವು. ಸಣ್ಣ ಲಾಭ ಇದೆ ಎಂಬುದನ್ನು ಮರೆಮಾಚಬೇಕಾಗಿಲ್ಲ.

ಶ್ವಾಸಕೋಶ ನಾರಾಗುವ ರೋಗದಲ್ಲಿ 2014ರ ಪ್ಯಾಂಥರ್ ಅಧ್ಯಯನ ಲಾಭವಿಲ್ಲ ಎಂದಿತು. ಎಕ್ಸ್‌ರೇ ಡೈಯಿಂದ ಮೂತ್ರಪಿಂಡಕ್ಕೆ ಆಗುವ ಹಾನಿಯನ್ನು ಅಸಿಟೈಲ್‌ಸಿಸ್ಟೀನ್ ತಡೆಯುತ್ತದೆ ಎಂದು 2000ದಲ್ಲಿ ಜರ್ಮನಿಯಿಂದ 83 ರೋಗಿಗಳ ವರದಿ ಬಂದಾಗ ಜಗತ್ತಿನ ಬಹಳಷ್ಟು ಆಸ್ಪತ್ರೆಗಳಲ್ಲಿ ಅದು ರೂಢಿಯಾಯಿತು. ಮದ್ದು ಅಗ್ಗ, ಅಪಾಯ ಕಡಿಮೆ, ಕೊಟ್ಟರೆ ಏನು ನಷ್ಟ ಎಂಬ ಮನೋಭಾವ. 2011ರಲ್ಲಿ ಬ್ರೆಜಿಲ್‌ನ 2308 ರೋಗಿಗಳ ಅಧ್ಯಯನ, 2018ರಲ್ಲಿ ಸುಮಾರು 5000 ರೋಗಿಗಳ ಪ್ರಿಸರ್ವ್ ಅಧ್ಯಯನ, ಎರಡೂ ಪ್ರಯೋಜನವಿಲ್ಲ ಎಂದವು. 83ರಿಂದ 5000ಕ್ಕೆ ತಲುಪಲು ಹದಿನೆಂಟು ವರ್ಷ ಬೇಕಾಯಿತು. ಕೊರೊನಾ ಕಾಲದಲ್ಲೂ ಬ್ರೆಜಿಲ್‌ನಲ್ಲಿ ತೀವ್ರ ಕಾಯಿಲೆಯ 135 ರೋಗಿಗಳ ಮೇಲೆ ಪರೀಕ್ಷಿಸಿದರು, ಲಾಭ ಕಾಣಲಿಲ್ಲ.

ನಮ್ಮ ವಿಷಯಕ್ಕೆ ಅತಿ ಹತ್ತಿರದ ಪರೀಕ್ಷೆ ಸಿಸ್ಟಿಕ್ ಫೈಬ್ರೋಸಿಸ್ ರೋಗದ್ದು. ಆ ಮಕ್ಕಳ ಶ್ವಾಸನಾಳಗಳಲ್ಲಿ ನ್ಯೂಟ್ರೋಫಿಲ್‌ಗಳು ತುಂಬಿಹೋಗಿರುತ್ತವೆ. 2006ರ ಸಣ್ಣ ಅಧ್ಯಯನದಲ್ಲಿ ಹೆಚ್ಚು ಪ್ರಮಾಣದ ಅಸಿಟೈಲ್‌ಸಿಸ್ಟೀನ್ ಕೊಟ್ಟಾಗ ಕಫದಲ್ಲಿ ಆ ಕಣಗಳು ಕಡಿಮೆಯಾದವು. 2015ರ ದೊಡ್ಡ ಪರೀಕ್ಷೆಯಲ್ಲಿ ಶ್ವಾಸಕೋಶದ ಶಕ್ತಿ ಸ್ವಲ್ಪ ಕಾಪಾಡಿದಂತೆ ಕಂಡರೂ ಕಫದ ಉರಿಯೂತದ ಗುರುತುಗಳು ಬದಲಾಗಲಿಲ್ಲ. ಬಿಳಿ ಕಣದ ಬೆಂಕಿ ಆರಿರಲಿಲ್ಲ.

ಪ್ರನಾಳದಲ್ಲಿ ಗೆದ್ದದ್ದು ಮನುಷ್ಯನಲ್ಲಿ ಏಕೆ ಸೋತಿತು? ಕಾರಣಗಳು ಸರಳವೇ. ನುಂಗಿದ ಅಸಿಟೈಲ್‌ಸಿಸ್ಟೀನ್‌ನಲ್ಲಿ ಹತ್ತರಲ್ಲೊಂದು ಪಾಲೂ ಹಾಗೆಯೇ ರಕ್ತಕ್ಕೆ ಸೇರುವುದಿಲ್ಲ. ರಕ್ತದಲ್ಲಾದರೋ ಆಲ್ಬುಮಿನ್ ಎಂಬ ಪ್ರೋಟೀನು ತನ್ನದೇ ಥಯಾಲ್ ಹಿಡಿದುಕೊಂಡು ಎಲ್ಲ ಕಡೆ ತುಂಬಿದೆ. ಮಾತ್ರೆಯಿಂದ ಬರುವುದು ಅದರ ಮುಂದೆ ಸಮುದ್ರಕ್ಕೆ ಬಿಂದಿಗೆ ನೀರು ಸುರಿದಂತೆ. ಮೇಲಾಗಿ, ಬ್ಲೀಚ್ ತಯಾರಾಗುವುದು ಬಿಳಿ ಕಣ ಬ್ಯಾಕ್ಟೀರಿಯಾವನ್ನು ಕೂಡಿಹಾಕಿದ ಪುಟ್ಟ ಕೋಣೆಯೊಳಗೆ. ಬಾಗಿಲು ಹಾಕಿದ ಕೋಣೆಯ ಬೆಂಕಿಗೆ ಬೀದಿಯಲ್ಲಿ ನೀರು ಚಿಮುಕಿಸಿ ಏನು ಫಲ?

ಎರಡು ಬಗೆಯ ಮಕ್ಕಳು

ಆ ಬೆಂಕಿಯನ್ನು ಪೂರ್ತಿ ಆರಿಸಿಬಿಡಬಹುದು ಎಂದಿಟ್ಟುಕೊಳ್ಳೋಣ. ಏನಾಗುತ್ತದೆ ಎಂಬುದನ್ನು ಪ್ರಕೃತಿಯೇ ತೋರಿಸಿದೆ. 1950ರ ದಶಕದಲ್ಲಿ ಅಮೆರಿಕಾದ ಮಿನ್ನೆಸೋಟಾದ ವೈದ್ಯರು, ಪದೇಪದೇ ಕುರು, ಗಡ್ಡೆ, ಶಿಲೀಂಧ್ರದ ಸೋಂಕುಗಳಿಂದ ನರಳಿ ತೀರಿಕೊಳ್ಳುತ್ತಿದ್ದ ಮಕ್ಕಳನ್ನು ವರ್ಣಿಸಿದರು. ಅವರ ಬಿಳಿ ಕಣಗಳು ಬ್ಯಾಕ್ಟೀರಿಯಾವನ್ನು ನುಂಗುತ್ತವೆ, ಆದರೆ ಕೊಲ್ಲಲಾರವು; ಆಮ್ಲಜನಕದ ಅಸ್ತ್ರವೇ ಹುಟ್ಟುವುದಿಲ್ಲ ಎಂದು 1967ರಲ್ಲಿ ತಿಳಿಯಿತು. ಕ್ರಾನಿಕ್ ಗ್ರಾನ್ಯುಲೋಮೇಟಸ್ ರೋಗ ಎಂದು ಇದರ ಹೆಸರು. ಪಾಶ್ಚಾತ್ಯ ದೇಶಗಳಲ್ಲಿ ಇದು ಹೆಚ್ಚಾಗಿ ತಾಯಿಯಿಂದ ಗಂಡುಮಕ್ಕಳಿಗೆ ಬರುತ್ತದೆ. ಸಂಬಂಧದೊಳಗೆ ಮದುವೆ ಹೆಚ್ಚಿರುವ ಅರಬ್ ದೇಶಗಳಲ್ಲಿ, ತಂದೆತಾಯಿ ಇಬ್ಬರಿಂದಲೂ ಬರುವ ಬಗೆ ಹೆಚ್ಚು, ಹೆಣ್ಣುಮಕ್ಕಳಿಗೂ ಬರುತ್ತದೆ. ಉತ್ಕರ್ಷಕ ಎಂದರೆ ಕೆಟ್ಟದ್ದು ಎನ್ನುವವರು ಈ ಮಕ್ಕಳನ್ನು ನೋಡಬೇಕು.

ಇನ್ನೊಂದು ಬಗೆಯ ಮಕ್ಕಳು ಇದೇ ಕತಾರಿನಲ್ಲಿದ್ದಾರೆ. ಹೋಮೋಸಿಸ್ಟಿನೂರಿಯಾ ಎಂಬ ರೋಗವನ್ನು 1962ರಲ್ಲಿ ಉತ್ತರ ಐರ್ಲೆಂಡಿನಲ್ಲಿ ಮೊದಲು ಗುರುತಿಸಿದರು. ಅದರಲ್ಲಿ ಹೋಮೋಸಿಸ್ಟೀನ್ ಎಂಬ ಥಯಾಲ್ ಕರಗದೆ ರಕ್ತದಲ್ಲಿ ಏರುತ್ತಾ ಹೋಗುತ್ತದೆ. ಕಣ್ಣಿನ ಮಸೂರ ಜಾರುತ್ತದೆ, ಮೂಳೆ ಬಲಹೀನವಾಗುತ್ತದೆ, ಕಲಿಕೆ ಹಿಂದುಳಿಯುತ್ತದೆ, ಎಳೆಯ ವಯಸ್ಸಿನಲ್ಲೇ ರಕ್ತನಾಳಗಳಲ್ಲಿ ಹೆಪ್ಪು ಕಟ್ಟುತ್ತದೆ. ಬೇರೆಡೆ ಲಕ್ಷಕ್ಕೊಂದು ಸಿಗುವುದೂ ಕಷ್ಟವಾದ ಈ ರೋಗ ಕತಾರಿ ಜನರಲ್ಲಿ ಸುಮಾರು 1800 ಜನನಗಳಿಗೆ ಒಂದು. ಜಗತ್ತಿನಲ್ಲೇ ಅತಿ ಹೆಚ್ಚು. ಬಹುತೇಕ ಒಂದೇ ಜೀನ್ ಬದಲಾವಣೆ ಇದಕ್ಕೆ ಕಾರಣವೆಂದು 2006ರಲ್ಲಿ ತಿಳಿಯಿತು. ಹಮದ್ ಮೆಡಿಕಲ್ ಕಾರ್ಪೊರೇಷನ್ ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಸಹಯೋಗದಲ್ಲಿ 2003ರ ಡಿಸೆಂಬರಿನಿಂದ ನವಜಾತ ಶಿಶುಗಳ ರಾಷ್ಟ್ರೀಯ ತಪಾಸಣೆ ನಡೆಸುತ್ತಿದೆ. ಹಿಮ್ಮಡಿಯ ಒಂದು ಹನಿ ರಕ್ತದಿಂದ ರೋಗ ಬೇಗ ಸಿಕ್ಕಿ, ಪಥ್ಯ ಶುರುವಾದರೆ ಮಗು ಉಳಿಯುತ್ತದೆ, ಬೆಳೆಯುತ್ತದೆ.

ನಮ್ಮಲ್ಲೂ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ಪದ್ಧತಿ ಹಳೆಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು 1980ರ ದಶಕದಲ್ಲೇ ಕರ್ನಾಟಕದ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತ ಪರೀಕ್ಷಿಸಿ, ಅಮೈನೋ ಆಮ್ಲಗಳ ಇಂಥ ದೋಷಗಳನ್ನು ಹುಡುಕಿದ್ದರು. ವಿಲ್ಸನ್ ರೋಗವೂ ಇದೇ ದಾರಿಯಲ್ಲಿ ಬರುತ್ತದೆ.

ಮೊದಲನೆಯ ಮಗುವಿಗೆ ಉತ್ಕರ್ಷಕ ಇಲ್ಲದಿರುವುದೇ ರೋಗ, ಎರಡನೆಯದಕ್ಕೆ ಥಯಾಲ್ ಹೆಚ್ಚಾದದ್ದೇ ರೋಗ. ಉತ್ಕರ್ಷಕ ದುಷ್ಟ, ಥಯಾಲ್ ಶಿಷ್ಟ ಎಂಬ ಬಯಲಾಟದ ಲೆಕ್ಕ ದೇಹಕ್ಕೆ ಹೊಂದುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ನಾವು ಗಮನಿಸಬೇಕಾದದ್ದು

ಓದುಗರು ಕೇಳಬಹುದು, ಇಷ್ಟೆಲ್ಲ ಚರಿತ್ರೆ ಹೇಳಿದ ಮೇಲೆ ನಮಗೇನು ಹೇಳುತ್ತೀರಿ ಎಂದು. ಮೂರು ಮಾತು ಹೇಳುತ್ತೇನೆ.

ಮೊದಲನೆಯದು, ಪನಡಾಲ್ ವಿಷಯ. ವಯಸ್ಕರಿಗೆ ಇಡೀ ದಿನಕ್ಕೆ ನಾಲ್ಕು ಗ್ರಾಂ ಮೇಲೆ ಹೋಗಕೂಡದು. ತೂಕ ಕಡಿಮೆ ಇರುವವರು, ಮದ್ಯಪಾನಿಗಳು, ಯಕೃತ್ತಿನ ತೊಂದರೆಯವರು ಇನ್ನೂ ಕಡಿಮೆ ತೆಗೆದುಕೊಳ್ಳಬೇಕು. ನೆಗಡಿಯ ಮಾತ್ರೆ, ಮೈಕೈ ನೋವಿನ ಮಾತ್ರೆ, ಜ್ವರದ ಮಾತ್ರೆ ಎಂದು ಬೇರೆ ಬೇರೆ ಹೆಸರಿನಲ್ಲಿ ಒಂದೇ ಪ್ಯಾರಾಸಿಟಮಾಲ್ ಇರುವುದುಂಟು. ಹಲ್ಲುನೋವಿಗೆ ಮೂರು ಬಗೆಯ ಸ್ಟ್ರಿಪ್‌ನಿಂದ ನುಂಗುವವರಿಗೆ ಲೆಕ್ಕ ತಪ್ಪುತ್ತದೆ. ಬೇಸರದಲ್ಲೋ ಜಗಳದಲ್ಲೋ ಯಾರಾದರೂ ಹಿಡಿ ಮಾತ್ರೆ ನುಂಗಿದರೆ, ಅವರು ಆರಾಮವಾಗಿ ಕೂತು ಮಾತಾಡುತ್ತಿದ್ದರೂ ನಂಬಬೇಡಿ. ಮೊದಲ ದಿನ ಏನೂ ತೋರದಿರುವುದೇ ಈ ವಿಷದ ಮೋಸ. ವಾಂತಿ ಮಾಡಿಸುತ್ತಾ ಕೂರಬೇಡಿ. ತಕ್ಷಣ 999ಕ್ಕೆ ಫೋನ್ ಮಾಡಿ, ಖಾಲಿ ಸ್ಟ್ರಿಪ್ ಜೊತೆಗೆ ಆಸ್ಪತ್ರೆಗೆ ಕರೆದೊಯ್ಯಿರಿ, ನುಂಗಿದ ಹೊತ್ತನ್ನು ಮರೆಯದೆ ಹೇಳಿ. ವೀಸಾ, ಪೊಲೀಸು, ಕಂಪನಿ ಎಂಬ ಭಯದಿಂದ ರೂಮಿನಲ್ಲೇ ಬಚ್ಚಿಟ್ಟುಕೊಂಡು ಬೆಳಗಾಗಲಿ ಎಂದು ಕಾಯುವುದರಲ್ಲಿ ಆ ಎಂಟು ಗಂಟೆ ಕಳೆದುಹೋಗುತ್ತದೆ.

ಎರಡನೆಯದು, ಮನೆಯಲ್ಲಿ ವಿಲ್ಸನ್ ರೋಗದ ಮಗುವಿದ್ದರೆ, ಚೆನ್ನಾಗಿದ್ದಾನಲ್ಲ ಎಂದು ಮದ್ದು ನಿಲ್ಲಿಸಬೇಡಿ. ಖರ್ಚಿನ ಕಷ್ಟವಿದ್ದರೆ ವೈದ್ಯರೊಡನೆ ಮುಚ್ಚುಮರೆಯಿಲ್ಲದೆ ಮಾತಾಡಿ, ದಾರಿಯಿದೆ. ಅಣ್ಣತಮ್ಮ, ಅಕ್ಕತಂಗಿಯರಿಗೂ ಪರೀಕ್ಷೆ ಮಾಡಿಸಿ.

ಮೂರನೆಯದು, ಆಂಟಿಆಕ್ಸಿಡೆಂಟ್ ವ್ಯಾಪಾರ. ಚರ್ಮ ಬೆಳ್ಳಗಾಗಲೆಂದು ಗ್ಲುಟಥಯಾನ್ ಇಂಜೆಕ್ಷನ್ ಕೊಡುವ ಚಟ ಇಂದು ಏಷ್ಯಾದ ಉದ್ದಕ್ಕೂ ಹಬ್ಬಿದೆ. ಇದಕ್ಕೆ ಮಾನ್ಯತೆಯಿಲ್ಲ, ಮೂತ್ರಪಿಂಡ, ಥೈರಾಯ್ಡ್, ಚರ್ಮಗಳಿಗೆ ಅಪಾಯವಿದೆ ಎಂದು ಫಿಲಿಪ್ಪೀನ್ಸ್ ದೇಶದ ಔಷಧ ಇಲಾಖೆ 2011ರಲ್ಲೇ ಎಚ್ಚರಿಸಿತು. ದೇಹ ತನಗೆ ಬೇಕಾದ ಗ್ಲುಟಥಯಾನನ್ನು ಬೇಳೆ, ಮೊಟ್ಟೆ, ಹಾಲು, ಮೀನುಗಳಿಂದ ತಾನೇ ಕಟ್ಟಿಕೊಳ್ಳುತ್ತದೆ. ಆರೋಗ್ಯವಂತರು ಅಸಿಟೈಲ್‌ಸಿಸ್ಟೀನ್ ಮಾತ್ರೆಯನ್ನು ಟಾನಿಕ್ಕಿನಂತೆ ದಿನವೂ ಕುಡಿಯುವುದಕ್ಕೂ ಆಧಾರವಿಲ್ಲ. 2014ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಶ್ವಾಸಕೋಶದ ಗಡ್ಡೆಯಿದ್ದ ಇಲಿಗಳಿಗೆ ಇದನ್ನು ಕೊಟ್ಟಾಗ ಗಡ್ಡೆ ಬೇಗ ಬೆಳೆಯಿತು. ಇಲಿಯ ಫಲಿತಾಂಶ ಮನುಷ್ಯನಿಗೆ ಹಾಗೇ ಅನ್ವಯಿಸುವುದಿಲ್ಲ, ನಿಜ. ಆದರೆ ತೆಗೆದುಕೊಂಡರೆ ನಷ್ಟವೇನು ಎನ್ನುವವರ ಬಾಯಿಗೆ ಬೀಗ ಹಾಕಲು ಅಷ್ಟು ಸಾಕು.

ಗಂಧಕದ ಈ ಮದ್ದುಗಳು ಕಲಿಸಿದ ಪಾಠ ಹಳೆಯ ವೈದ್ಯರಿಗೆ ಗೊತ್ತಿದ್ದದ್ದೇ: ರೋಗ ಯಾವುದು, ಅದು ಎಲ್ಲಿದೆ, ಕಾಲ ಎಷ್ಟಾಯಿತು ಎಂದು ಕೇಳಿದ ಮೇಲೆಯೇ ಮದ್ದಿನ ಹೆಸರು ಬರಬೇಕು. ಡಬ್ಬಿಯ ಮೇಲೆ ದೊಡ್ಡ ಪದ ಕಂಡಾಗ ಈ ಮೂರು ಪ್ರಶ್ನೆಗಳನ್ನು ಅಂಗಡಿಯವನಿಗೂ ಕೇಳಿ, ನಿಮ್ಮ ಡಾಕ್ಟರಿಗೂ ಕೇಳಿ. ಕೇಳುವ ರೋಗಿಯ ಮೇಲೆ ನಮಗೆ ಯಾವಾಗಲೂ ಗೌರವವೇ.